ಆಮಂತ್ರಣ ಕಾಗದದ ತಲೆಬರಹಕ್ಕೆ ಅಲಂಕಾರದ ಅಕ್ಷರ ಹಾಕುವುದು ಹೇಗೆ?

ಕಾಸರಗೋಡಿನ ಮನೆಗಳಿಗೆ ಏಪ್ರಿಲ್, ಮೇ ತಿಂಗಳಲ್ಲಿ ಕಾಗದಗಳ ಮೇಲೆ ಕಾಗದ ಬರುತ್ತದೆ: ಮದುವೆ, ಗೃಹಪ್ರವೇಶ, ದೇವಸ್ಥಾನದ ಬ್ರಹ್ಮಕಲಶೋತ್ಸವ. ಎಷ್ಟೋ ಕಾಗದಗಳಲ್ಲಿ ಮುಹೂರ್ತದ ಸಾಲು ಕೂಡ ಬಳುಕುವ ಅಕ್ಷರದಲ್ಲೇ ಇರುತ್ತದೆ. ಅಜ್ಜ ಅದನ್ನು ದೂರ ಹಿಡಿದು, ಹತ್ತಿರ ಹಿಡಿದು, ಕೊನೆಗೆ ಮೊಮ್ಮಗಳ ಕೈಗೆ ಕೊಡುತ್ತಾರೆ. ಚಪ್ಪಟೆ ನಿಬ್ಬಿನ ಬೀಸನ್ನು ಹಿಡಿದಿಟ್ಟ ಈ ಫಾಂಟ್‌ಗಳು ದೊಡ್ಡ ಗಾತ್ರದ ನಾಲ್ಕಾರು ಪದಗಳಿಗಾಗಿ ಇರುವವು. ವಧೂವರರ ಹೆಸರಿಗೋ ಕಾರ್ಯಕ್ರಮದ ಹೆಸರಿಗೋ ಹಾಕಿ. ಉಳಿದದ್ದೆಲ್ಲ ಸಾದಾ ಅಕ್ಷರದಲ್ಲಿರಲಿ.

ಫಾಂಟ್ ಆರಿಸುವಾಗ ಮಾದರಿ ಹಾಳೆಯ ‘ಅ ಆ ಇ ಈ’ ನೋಡಿ ಮರುಳಾಗಬೇಡಿ. ‘ಬ್ರಹ್ಮಕಲಶೋತ್ಸವ’ ಎಂದು ಬೆರಳಚ್ಚಿಸಿ. ಬ್ರ, ಹ್ಮ, ತ್ಸ ಮೂರರ ಒತ್ತೂ ಒಮ್ಮೆಗೇ ಪರೀಕ್ಷೆಯಾಗುತ್ತದೆ. ನಮ್ಮ ಊರಿಗೆ ಇನ್ನೊಂದು ಪರೀಕ್ಷೆಯಿದೆ: ಞ. ಕುಂಞಿ, ಕುಂಞಂಬು ಎಂಬ ಹೆಸರುಗಳು ಇಲ್ಲಿ ಮನೆಮನೆಯಲ್ಲಿವೆ. ಬೇರೆ ಕಡೆ ಅಪರೂಪವಾದ ಈ ಅಕ್ಷರವನ್ನು ಕೆಲವು ಫಾಂಟ್‌ಗಳಲ್ಲಿ ಅರೆಮನಸ್ಸಿನಿಂದ ಬರೆದಿರುತ್ತಾರೆ. ಕವಿ ಕಯ್ಯಾರ ಕಿಞ್ಞಣ್ಣ ರೈ ಅವರ ಹೆಸರು ಸರಿಯಾಗಿ ಮೂಡದ ಫಾಂಟ್ ಕಾಸರಗೋಡಿಗೆ ಬೇಡ. ಯೂನಿಕೋಡ್ (ಎಲ್ಲ ಕಂಪ್ಯೂಟರುಗಳಿಗೂ ಒಂದೇ ಆದ ಅಕ್ಷರ ಸಂಕೇತ) ಅಲ್ಲದ ಹಳೆಯ ಫಾಂಟ್‌ಗಳೂ ಬೇಡ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಹೆಸರೆಲ್ಲ ಅರ್ಥವಿಲ್ಲದ ಚಿಹ್ನೆಗಳಾಗುತ್ತದೆ. ಫೋಟೋಶಾಪ್‌ನಲ್ಲಿ ಒತ್ತು ಕೆಳಗೆ ಕೂರದೆ ಪಕ್ಕಕ್ಕೆ ಬಂದರೆ ಫಾಂಟನ್ನು ದೂರಬೇಡಿ, ದಕ್ಷಿಣ ಏಷ್ಯಾದ ಲಿಪಿಗಳ ಸೆಟ್ಟಿಂಗ್ ಆರಿಸಿ.

ಹೆಚ್ಚಿನವರು ಎಡವುವುದು ಸಾಲುಗಳ ನಡುವಿನ ಅಂತರದಲ್ಲಿ. ‘ಪುನಃಪ್ರತಿಷ್ಠಾ’ ಒಂದು ಸಾಲು, ‘ಬ್ರಹ್ಮಕಲಶೋತ್ಸವ’ ಅದರ ಕೆಳಗಿನ ಸಾಲು ಎಂದುಕೊಳ್ಳಿ. ಷ್ಠಾದ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ. ಕಂಪ್ಯೂಟರ್ ತಾನಾಗಿ ಕೊಡುವ ಅಂತರವನ್ನು ನಂಬಬೇಡಿ. 36 ಪಾಯಿಂಟ್ ಅಕ್ಷರಕ್ಕೆ ನಾನು 54 ಪಾಯಿಂಟ್ ಅಂತರದಿಂದ ಆರಂಭಿಸುತ್ತೇನೆ. ಆಗಲೂ ತಾಗಿದರೆ ಅಕ್ಷರವನ್ನು ಕುಗ್ಗಿಸುವುದಿಲ್ಲ. ಕೆಳಗಿನ ಸಾಲನ್ನು ತುಸು ಪಕ್ಕಕ್ಕೆ ಸರಿಸಿ, ಒತ್ತಿನ ಬಾಲ ಎರಡು ಅಕ್ಷರಗಳ ನಡುವಿನ ಖಾಲಿ ಜಾಗಕ್ಕೆ ಇಳಿಯುವಂತೆ ಮಾಡುತ್ತೇನೆ. ಜಾಗ ತುಂಬಲೆಂದು ಅಕ್ಷರವನ್ನು ಅಡ್ಡಕ್ಕೆ ಎಳೆಯುವ ಅಭ್ಯಾಸವನ್ನಂತೂ ಬಿಡಲೇಬೇಕು. ನಿಬ್ಬನ್ನು ಒಂದೇ ಕೋನದಲ್ಲಿ ಹಿಡಿದು ಬರೆದಾಗ ಗೆರೆಯ ದಪ್ಪ, ಸಪೂರ ತಾನಾಗಿ ಹುಟ್ಟುತ್ತದೆ. ಅಡ್ಡಕ್ಕೆ ಎಳೆದರೆ ನಿಂತ ಗೆರೆಗಳಷ್ಟೇ ಉಬ್ಬಿ ಆ ಬೀಸು ಸತ್ತುಹೋಗುತ್ತದೆ. ಬೋಲ್ಡ್ ಗುಂಡಿಯನ್ನೂ ಒತ್ತಬೇಡಿ, ಒತ್ತುಗಳ ಒಳಗಿನ ಕಣ್ಣು ಮುಚ್ಚುತ್ತದೆ.

ಕನ್ನಡ, ಮಲಯಾಳ, ಇಂಗ್ಲಿಷ್ ಮೂರೂ ಇರುವ ಕಾಗದದಲ್ಲಿ ಅಲಂಕಾರ ಒಂದೇ ಭಾಷೆಗಿರಲಿ. ಇಂಗ್ಲಿಷಿಗೇ ಬೇಕೆಂದರೆ ಜರ್ಮನಿಯ ಹರ್ಮನ್ ಜಾಫ್ ರೂಪಿಸಿದ, 1998ರಲ್ಲಿ ಬಂದ ಜಾಫಿನೋ ಫಾಂಟ್ ಸೊಗಸಾಗಿದೆ. ಅದರಲ್ಲಿ ಒಂದೇ ಅಕ್ಷರಕ್ಕೆ ಹಲವು ರೂಪಗಳಿವೆ. ಆದರೆ ಹೆಸರು ಪೂರ್ತಿ ದೊಡ್ಡಕ್ಷರದಲ್ಲಿ ಬೇಡ, ಅಕ್ಷರಗಳ ಬಳ್ಳಿಯಂಥ ಬಾಲಗಳು ಒಂದಕ್ಕೊಂದು ಸಿಕ್ಕಿಕೊಳ್ಳುತ್ತವೆ.

ಚಿನ್ನದ ಫಾಯಿಲ್ ಹಾಕಿಸುವುದಾದರೆ ನಯವಾದ ಕಾಗದ ಆರಿಸಿ. ತರಿತರಿಯಾದ ಕಾಗದದ ಮೇಲೆ ಸಪೂರ ಗೆರೆಗಳು ತುಂಡಾಗುತ್ತವೆ. ನಿಜವಾದ ಅಳತೆಯಲ್ಲಿ ಒಂದು ಪ್ರತಿ ತೆಗೆದು ಮನೆಯ ಹಿರಿಯರಿಗೆ ಓದಲು ಕೊಡಿ. ಹೆಸರುಗಳ ಕಾಗುಣಿತವೆಲ್ಲ ಸರಿಯಿದೆಯೆಂದು ಅವರು ಹೇಳಿದ ಮೇಲೆಯೇ ಅಕ್ಷರಗಳನ್ನು ಔಟ್‌ಲೈನ್‌ಗೆ, ಅಂದರೆ ಬರಿಯ ಆಕಾರಗಳಿಗೆ, ಬದಲಿಸಿ ಪ್ರೆಸ್ಸಿಗೆ ಕಳುಹಿಸಿ. ಒಮ್ಮೆ ಬದಲಿಸಿದರೆ ಮತ್ತೆ ಬೆರಳಚ್ಚಿಸಿ ತಿದ್ದಲಾಗುವುದಿಲ್ಲ.