ಪುಲ್ ಅಪ್‌ಗೊಂದು ಏತ

ತುಮಕೂರಿನ ಅಂತರಸನಹಳ್ಳಿಯಲ್ಲಿ ನನ್ನದೊಂದು ಫ್ಯಾಬ್ರಿಕೇಶನ್ ಶೆಡ್ ಇದೆ. ಗೇಟು, ಕಿಟಕಿ ಗ್ರಿಲ್ಲು, ಮೆಟ್ಟಿಲ ಕಂಬಿ, ಶೀಟಿನ ಛಾವಣಿ, ಇಪ್ಪತ್ತು ವರ್ಷದಿಂದ ಇದೇ ಕೆಲಸ. ಜಿಮ್ ಸಾಮಾನಿಗೆ ಕೈ ಹಾಕಿಸಿದ್ದು ನನ್ನ ಅಕ್ಕನ ಮಗ. ಬಟವಾಡಿ ಕಡೆ ಸಣ್ಣದೊಂದು ಜಿಮ್ ನಡೆಸುತ್ತಾನೆ. ಒಂದು ಸಂಜೆ ಶೆಡ್ಡಿಗೆ ಬಂದು ಕೂತ.

"ಮಾವ, ಪುಲ್ ಅಪ್ ಹೊಡೆಯೋಕೆ ಆಗದವರಿಗೆ ಕೆಳಗಿಂದ ಸ್ವಲ್ಪ ಎತ್ತಿಕೊಡೋ ಮೆಷಿನ್ ಬೇಕು. ಕಂಪನಿದು ಲಕ್ಷದ ಮೇಲೆ ಹೇಳ್ತಾರೆ. ನೀನೇ ಮಾಡ್ಕೊಡು."

ಪುಲ್ ಅಪ್ ಅಂದರೆ ಕಂಬಿಗೆ ನೇತಾಡಿ, ಗದ್ದ ಕಂಬಿ ದಾಟುವವರೆಗೆ ಮೈಯನ್ನು ಮೇಲಕ್ಕೆ ಎಳೆದುಕೊಳ್ಳುವುದು. ಅವನ ಜಿಮ್ಮಿಗೆ ಎರಡು ಥರದ ಜನ ಬರುತ್ತಾರೆ. ಬೆಳಗಿನ ಬ್ಯಾಚಿನಲ್ಲಿ ಹೆಂಗಸರು ಜಾಸ್ತಿ. ಸಂಜೆ ಸೈನ್ಯಕ್ಕೆ ಸೇರಬೇಕು ಅಂತ ತಯಾರಿ ಮಾಡುವ ಹುಡುಗರು. ಅಗ್ನಿವೀರ್ ಭರ್ತಿಯಲ್ಲಿ ಪುಲ್ ಅಪ್‌ಗೆ 'ಬೀಮ್' ಅನ್ನುತ್ತಾರೆ. 10 ಬೀಮ್ ಹೊಡೆದರೆ 40 ಅಂಕ, 6ಕ್ಕಿಂತ ಕಡಿಮೆ ಆದರೆ ಹೊರಗೆ. ಹಳ್ಳಿಯಿಂದ ಬಂದ ಹುಡುಗರು ಓಟದಲ್ಲಿ ಚುರುಕು, ಬೀಮಿನಲ್ಲಿ ಎರಡಕ್ಕೇ ನಿಂತುಬಿಡುತ್ತಾರೆ.

ಅಲ್ಲಿಯವರೆಗೆ ಅವರು ರಬ್ಬರ್ ಬ್ಯಾಂಡ್ ಬಳಸುತ್ತಿದ್ದರು. ಕಂಬಿಗೆ ಕಟ್ಟಿ, ಅದರೊಳಗೆ ಮಂಡಿ ಇಟ್ಟು ನೇತಾಡುವುದು. ಒಂದು ಬೆಳಿಗ್ಗೆ ಹೋಗಿ ನಿಂತು ನೋಡಿದೆ. ಬ್ಯಾಂಡು ಕೆಳಗೆ ಪೂರ್ತಿ ಹಿಗ್ಗಿದಾಗ ಜೋರಾಗಿ ಎತ್ತುತ್ತದೆ. ಮೇಲೆ ಹೋಗುತ್ತಾ ಸಡಿಲವಾಗಿ, ಗದ್ದ ಕಂಬಿ ದಾಟಬೇಕಾದ ಕೊನೆಯ ಗೇಣಿನಲ್ಲಿ ಕೈಬಿಡುತ್ತದೆ. ಎಲ್ಲರೂ ಸಿಕ್ಕಿಕೊಳ್ಳುತ್ತಿದ್ದದ್ದು ಅಲ್ಲೇ. ಕೆಳಗಿಂದ ಮೇಲಿನವರೆಗೂ ಒಂದೇ ಸಮ ಎತ್ತುವ ಸಾಧನ ಬೇಕು ಅನ್ನುವುದು ಅವತ್ತು ಗೊತ್ತಾಯಿತು.

ಅದನ್ನು ನಾನು ಚಿಕ್ಕಂದಿನಲ್ಲೇ ನೋಡಿದ್ದೆ. ಮಧುಗಿರಿ ಕಡೆ ನಮ್ಮೂರಿನ ತಲಪರಿಗೆ, ಅಂದರೆ ನೀರಿನ ಒರತೆ, ಅದರ ಪಕ್ಕದ ಗುಂಡಿಯಲ್ಲಿ ತಾತ ಏತ ಹಾಕಿದ್ದರು. ಕವೆಗಂಬದ ಮೇಲೆ ಒಂದು ಉದ್ದ ಮರ. ಹಿಂದಿನ ತುದಿಗೆ ಕಲ್ಲುಗುಂಡು, ಮುಂದಿನ ತುದಿಗೆ ಬಕೆಟ್ಟು. ತುಂಬಿದ ಬಕೆಟ್ಟನ್ನು ಕಲ್ಲೇ ಮೇಲಕ್ಕೆ ತರುತ್ತಿತ್ತು, ತಾತ ಕೈ ಕೊಟ್ಟರೆ ಸಾಕಿತ್ತು. ಬಕೆಟ್ಟಿನ ಜಾಗದಲ್ಲಿ ಮಂಡಿ ಊರುವ ಮೆತ್ತೆ, ಕಲ್ಲಿನ ಜಾಗದಲ್ಲಿ ಜಿಮ್ಮಿನ ಕಬ್ಬಿಣದ ಪ್ಲೇಟು. ದೊಡ್ಡ ಮೆಷಿನ್ನುಗಳಲ್ಲಿ ವೈರ್ ರೋಪು, ರಾಟೆ, ಸಾಲು ತೂಕ ಇರುತ್ತದೆ. ರೋಪು ಸವೆಯುವುದನ್ನು ಯಾರೂ ದಿನಾ ನೋಡುವುದಿಲ್ಲ. ಏತದಲ್ಲಿ ಹರಿಯುವಂಥದ್ದು ಏನೂ ಇಲ್ಲ. ನನಗೆ ಅದೇ ಹಿಡಿಸಿತು.

ಮೊದಲು ಅಳತೆ. ಅಕ್ಕನ ಮಗನನ್ನೂ ಇನ್ನೂ ನಾಲ್ಕೈದು ಜನರನ್ನೂ ಕಂಬಿಗೆ ನೇತುಹಾಕಿ, ಮಂಡಿ ಮಡಚಿಸಿ, ಪಕ್ಕದ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿದೆ. ಕೈ ಪೂರ್ತಿ ಚಾಚಿದಾಗ ಮಂಡಿ ಎಲ್ಲಿ, ಗದ್ದ ಕಂಬಿ ದಾಟಿದಾಗ ಎಲ್ಲಿ. ಒಬ್ಬೊಬ್ಬರದು ಒಂದೊಂದು, ಆದರೂ ಸುಮಾರು 60 ಸೆಂಟಿಮೀಟರ್ ಓಡಾಟ. ಕಂಬಿ 2.25 ಮೀಟರ್ ಎತ್ತರದಲ್ಲಿದ್ದರೆ ಮೆತ್ತೆ ಕೆಳಗೆ 65, ಮೇಲೆ 125 ಸೆಂಟಿಮೀಟರ್‌ನಲ್ಲಿ ಇರಬೇಕು.

ಇಲ್ಲೇ ಮೊದಲ ತಪ್ಪು ಮಾಡಿದೆ. ಮೆತ್ತೆಯ ತೋಳು 90 ಸೆಂಟಿಮೀಟರ್ ಉದ್ದ. ಅದರ ಕೀಲನ್ನು 65ರ ಎತ್ತರದಲ್ಲಿ ಕೂರಿಸಿದೆ. ಕೆಳಗಿದ್ದಾಗ ತೋಳು ಮಟ್ಟವಾಗಿದ್ದರೆ ನೋಡೋಕೆ ಚೆನ್ನ ಅಂತ. ಅಲ್ಲಿಂದ 60 ಮೇಲೇಳುವಷ್ಟರಲ್ಲಿ ಮೆತ್ತೆ ಕಂಬದ ಕಡೆಗೆ 23 ಸೆಂಟಿಮೀಟರ್ ಸರಿದುಬಿಡುತ್ತಿತ್ತು. ಹತ್ತಿದವರ ಮಂಡಿ ಮುಂದಕ್ಕೆ ಹೋಗಿ ಬೆನ್ನು ಬಿಲ್ಲಿನ ಹಾಗೆ ಬಾಗುತ್ತಿತ್ತು. ಎರಡು ದಿನ ಯೋಚನೆ ಮಾಡಿ ಕೀಲನ್ನು 95ಕ್ಕೆ ಏರಿಸಿದೆ. ಈಗ ತೋಳು ಮಟ್ಟಕ್ಕಿಂತ 30 ಕೆಳಗಿಂದ ಶುರುವಾಗಿ 30 ಮೇಲೆ ಮುಗಿಯುತ್ತದೆ. ಸರಿಯುವುದು 5 ಸೆಂಟಿಮೀಟರ್ ಮಾತ್ರ. ಅದೇ ತೋಳು, ಅದೇ ಮೆತ್ತೆ. ಕೀಲಿನ ಎತ್ತರವೊಂದೇ ಬದಲಾಗಿದ್ದು.

ಮೆತ್ತೆ ಓಲುವುದೂ ಇತ್ತು. ಒಂಟಿ ತೋಳಿಗೆ ಬಿಗಿದರೆ ತೋಳಿನ ಜೊತೆ ಅದೂ ಓರೆಯಾಗಿ ಮಂಡಿ ಜಾರುತ್ತದೆ. ತೋಳಿನ ಕೆಳಗೆ 15 ಸೆಂಟಿಮೀಟರ್ ಬಿಟ್ಟು ಅಷ್ಟೇ ಉದ್ದದ ಇನ್ನೊಂದು ತೋಳು ಕೊಟ್ಟೆ. ನಾಲ್ಕು ಕಡೆ ಕೀಲು. ಏರಿದರೂ ಇಳಿದರೂ ಮೆತ್ತೆ ಮಣೆ ಹಾಕಿದ ಹಾಗೆ ಮಟ್ಟವಾಗಿ ನಿಲ್ಲುತ್ತದೆ.

ಪ್ಲೇಟು ಹಾಕುವ ಹಿಂದಿನ ತೋಳು ಮುಂದಿನದರ ನೇರಕ್ಕೇ ಇರಬೇಕು, ಇದು ಮುಖ್ಯ. ನೇರ ಇದ್ದರೆ ಎರಡೂ ಕಡೆ ಒಂದೇ ಲೆಕ್ಕದಲ್ಲಿ ಓರೆಯಾಗುತ್ತವೆ, ಸಹಾಯ ಎಲ್ಲೂ ಏರುಪೇರಾಗುವುದಿಲ್ಲ. ಮೊಣಕೈ ಥರ ಬಾಗಿಸಿದಿರೋ, ಒಂದು ಕಡೆ ಹಗುರ ಒಂದು ಕಡೆ ಭಾರ. ಬ್ಯಾಂಡಿನ ಕಥೆಯೇ ಮತ್ತೆ.

ಹಿಂದಿನ ತೋಳನ್ನು 45 ಸೆಂಟಿಮೀಟರ್ ಇಟ್ಟೆ, ಮುಂದಿನದರ ಅರ್ಧ. ಹಾಗಾಗಿ 40 ಕಿಲೋ ಪ್ಲೇಟು ಹಾಕಿದರೆ ಸಿಗುವುದು 20 ಕಿಲೋ ಸಹಾಯ. "ಅರ್ಧ ವೇಸ್ಟ್ ಅಲ್ವಾ ಮಾವ?" ಅಂದ. ನನಗೂ ಹಾಗೇ ಅನಿಸಿತ್ತು, ಜಾಗ ಇಲ್ಲ ಅಂತ ಚಿಕ್ಕದು ಮಾಡಿದ್ದೆ ಅಷ್ಟೇ. ಬಳಸುತ್ತಾ ಎರಡು ಲಾಭ ಕಂಡವು. ಒಂದು, ಪ್ಲೇಟು ಅರ್ಧ ದೂರ, ಅರ್ಧ ವೇಗದಲ್ಲಿ ಓಡಾಡುತ್ತದೆ. ಎಳೆಯುವವರಿಗೆ ಹಿಂದೆ ಬಂಡೆ ಕಟ್ಟಿದ ಹಾಗೆ ಜಗ್ಗುವುದಿಲ್ಲ. ಎರಡನೆಯದು ಇನ್ನೂ ದೊಡ್ಡದು. ಜಿಮ್ಮಿನಲ್ಲಿದ್ದ ಅತಿ ಸಣ್ಣ ಪ್ಲೇಟು ಎರಡೂವರೆ ಕಿಲೋದು. ಇಲ್ಲಿ ಅದು 1.25 ಕಿಲೋ ಸಹಾಯವಾಗುತ್ತದೆ. ಇದರ ಬೆಲೆ ಏನು ಅಂತ ಮುಂದೆ ಹೇಳುತ್ತೇನೆ.

ಪ್ಲೇಟು ಹಾಕುವ ಮುಂಚೆ ಖಾಲಿ ಮೆತ್ತೆಯನ್ನೇ ತೂಗಿಸಬೇಕು. ಮೆತ್ತೆ, ತೋಳು ಎಲ್ಲ ಸೇರಿ ತುದಿಯಲ್ಲಿ 9 ಕಿಲೋ ತೂಗುತ್ತಿತ್ತು. ಹಿಂದೆ 18 ಕಿಲೋ ಗಟ್ಟಿ ಕಬ್ಬಿಣ ಬೋಲ್ಟ್ ಮಾಡಿದೆ. ಆಗ ಮೆತ್ತೆ ಬಿಟ್ಟಲ್ಲೇ ನಿಂತಿತು. ಇದನ್ನು ಮಾಡದಿದ್ದರೆ ಪ್ಲೇಟಿನ ಮೇಲೆ ಬರೆದ ತೂಕಕ್ಕೂ ಸಿಗುವ ಸಹಾಯಕ್ಕೂ ಸಂಬಂಧವೇ ಇರುವುದಿಲ್ಲ.

ಕೀಲುಗಳಿಗೆ ಮೊದಲು ಲೇತಿನಲ್ಲಿ ಮಾಡಿಸಿದ ಗನ್‌ಮೆಟಲ್ ಬುಶ್, ಅಂದರೆ ಶಾಫ್ಟಿನ ಸುತ್ತ ಕೂರುವ ಲೋಹದ ಬಳೆ ಹಾಕಿದ್ದೆ. ಗ್ರೀಸ್ ಮೆತ್ತಿ ಕೈಯಲ್ಲಿ ಆಡಿಸಿದರೆ ಸಲೀಸು. ಆದರೆ ಹತ್ತಿದವರು, "ಏರುವಾಗ ಕಷ್ಟ, ಇಳಿಯುವಾಗ ಯಾರೋ ಹಿಡಿದುಕೊಂಡ ಹಾಗಾಗುತ್ತೆ" ಅಂದರು. ಗುಜರಿ ಅಂಗಡಿಯಿಂದ ಕೊಕ್ಕೆ ತಕ್ಕಡಿ ತಂದು ಮೆತ್ತೆಗೆ ಸಿಕ್ಕಿಸಿದೆ. ಲೆಕ್ಕದ ಪ್ರಕಾರ 20 ಕಿಲೋ ಸಹಾಯ ಬರಬೇಕು. ನಿಧಾನ ಮೇಲೆ ಬಿಡುವಾಗ 17 ತೋರಿಸಿತು, ಕೆಳಗೆ ಎಳೆಯುವಾಗ 23. ಮೂರು ಮೂರು ಕಿಲೋ ಬುಶ್ಶೇ ನುಂಗುತ್ತಿತ್ತು. ಎಲ್ಲ ಕಿತ್ತು 6204 ಬೇರಿಂಗ್ ಹಾಕಿದೆ, 20 ಎಂಎಂ ಬ್ರೈಟ್ ಶಾಫ್ಟಿನ ಮೇಲೆ. ಈಗ 19, 21. ಗೇಟಿನ ಕೀಲು ಕಿರ್ ಅಂದರೂ ನಡೆಯುತ್ತದೆ. ಇಲ್ಲಿ ಆ ಮೂರು ಕಿಲೋ ಒಬ್ಬರ ಒಂದು ತಿಂಗಳ ಸಾಧನೆ.

ಹಿಡಿಯುವ ಕಂಬಿಯದೇ ಒಂದು ಪಾಠ. ಶೆಡ್ಡಿನಲ್ಲಿದ್ದ ಒಂದಿಂಚಿನ ಪೈಪು ಹಾಕಿದೆ. ಒಂದಿಂಚು ಅಂದರೂ ಅದರ ಹೊರಮೈ 33.7 ಎಂಎಂ ಇರುತ್ತದೆ, ಹೆಂಗಸರ ಬೆರಳು ಪೂರ್ತಿ ಸುತ್ತುತ್ತಿರಲಿಲ್ಲ. ಬೆನ್ನಿಗೆ ಶಕ್ತಿ ಇದ್ದರೂ ಹಿಡಿತ ಮೊದಲು ಜಾರುತ್ತಿತ್ತು. ಮುಕ್ಕಾಲಿಂಚಿನದು 26.9 ಎಂಎಂ, ಕೈಗೆ ಚೆನ್ನಾಗಿ ಕೂತಿತು. ಗಟ್ಟಿ ನೋಡೋಣ ಅಂತ ಐವತ್ತು ಕಿಲೋದ ನಾಲ್ಕು ಸಿಮೆಂಟ್ ಚೀಲ ನಡುವೆ ನೇತುಹಾಕಿ ಮನೆಗೆ ಹೋದೆ. ಬೆಳಿಗ್ಗೆ ಚೀಲ ಇಳಿಸಿ ದಾರ ಹಿಡಿದು ನೋಡಿದರೆ ಪೈಪು ಒಂದು ಬೆರಳು ಬಾಗಿ ಹಾಗೇ ನಿಂತಿತ್ತು. ಕೊನೆಗೆ 28 ಎಂಎಂ ಗಟ್ಟಿ ಬ್ರೈಟ್ ಬಾರ್ ಹಾಕಿದೆ. ಅದೇ ಚೀಲ, ಅದೇ ಒಂದು ರಾತ್ರಿ. ದಾರಕ್ಕೂ ಕಂಬಿಗೂ ನಡುವೆ ಉಗುರು ತೂರಲಿಲ್ಲ. ಫ್ರೇಮಿಗೆ 60 ಎಂಎಂ ಚೌಕ ಪೈಪು, 3 ಎಂಎಂ ದಪ್ಪದ್ದು, ನೆಲಕ್ಕೆ ಆಂಕರ್ ಬೋಲ್ಟು.

ಇನ್ನು ನನಗೆ ನೆನಪಾದರೆ ಈಗಲೂ ಹೊಟ್ಟೆ ತೊಳಸುವ ವಿಷಯ. ಶೆಡ್ಡಿನಲ್ಲೇ ಪರೀಕ್ಷೆ ಮಾಡುತ್ತಿದ್ದೆವು. ಹಿಂದೆ 60 ಕಿಲೋ ಪ್ಲೇಟು. ನಮ್ಮ ಹುಡುಗ ಹತ್ತಿ ಆರು ಸಲ ಎಳೆದ. ಸುಸ್ತಾಗಿ, ಮೆತ್ತೆ ಪೂರ್ತಿ ಕೆಳಗಿದ್ದಾಗಲೇ ಕಾಲು ಇಳಿಬಿಟ್ಟು ನೆಲಕ್ಕೆ ಇಳಿದ. ಭಾರ ತಪ್ಪಿದ ಮೆತ್ತೆ ಕವಣೆಯಿಂದ ಬಿಟ್ಟ ಹಾಗೆ ಮೇಲೆದ್ದು ಅವನ ಗದ್ದಕ್ಕೆ ಬಡಿಯಿತು. ಎರಡು ಹೊಲಿಗೆ ಬಿತ್ತು. ಅಷ್ಟು ದಿನ ನಾನು ಎತ್ತುವುದನ್ನೇ ಯೋಚಿಸಿದ್ದೆ. ಇಳಿಯುವುದನ್ನು ಯೋಚಿಸಿಯೇ ಇರಲಿಲ್ಲ. ತಪ್ಪು ನನ್ನದೇ. ಈ ಮೆಷಿನ್ ಬೇಕಾಗಿರುವುದೇ ಕೈ ಸೋತವರಿಗೆ, ಸೋತ ಕೈಯಲ್ಲೇ ಅವರು ಇಳಿಯುವುದು.

ಹದಿನೈದು ದಿನ ಬರೀ ಇಳಿಯುವುದರ ಮೇಲೆ ಕೆಲಸ ಮಾಡಿದೆ. ಮೆಟ್ಟಿಲು 30 ಸೆಂಟಿಮೀಟರ್ ಎತ್ತರದಲ್ಲಿ ಒಂದೇ ಇತ್ತು. ಅಷ್ಟು ಕೆಳಗೆ ಕಾಲು ಸಿಗಬೇಕಾದರೆ ಮೆತ್ತೆಯನ್ನು ತಗ್ಗಿಸಿಕೊಂಡೇ ಇಳಿಯಬೇಕು. ಎರಡೂ ಪಕ್ಕ 60ರಲ್ಲಿ ಇನ್ನೊಂದು ಮೆಟ್ಟಿಲು ಬೆಸೆದೆ. ಈಗ ಕೊನೆಯ ಸಲ ಮೇಲೆ ಹೋದಾಗಲೇ ಒಂದು ಕಾಲು ಮೆಟ್ಟಿಲ ಮೇಲಿಟ್ಟು, ಆಮೇಲೆ ಇನ್ನೊಂದು ಮಂಡಿ ತೆಗೆಯಬಹುದು. ಆಗ ಮೆತ್ತೆಗೆ ಹಾರಲು ದೂರವೇ ಉಳಿದಿರುವುದಿಲ್ಲ.

ಆದರೂ ಯಾರಾದರೂ ಮರೆಯುತ್ತಾರೆ. ಅದಕ್ಕೆ ಗುಜರಿಯಿಂದ ಹಳೇ ಬೈಕಿನ ಹಿಂದಿನ ಶಾಕ್ ಅಬ್ಸಾರ್ಬರ್ ತಂದೆ. ಸ್ಪ್ರಿಂಗು ಬಿಚ್ಚಿ ಬರೀ ಎಣ್ಣೆಯ ಕೊಳವೆ ಇಟ್ಟುಕೊಂಡೆ. ಇದರಲ್ಲಿ ಒಂದು ಗುಟ್ಟಿದೆ. ಬೈಕಿನ ಶಾಕು ಒತ್ತುವಾಗ ಸುಲಭವಾಗಿ ಒಳಗೆ ಹೋಗುತ್ತದೆ, ಎಳೆಯುವಾಗ ತಡೆದು ತಡೆದು ಬರುತ್ತದೆ. ನಾನು ಮೊದಲು ಒತ್ತುವ ಹಾಗೆ ಕೂರಿಸಿ, ಏನೂ ಪ್ರಯೋಜನ ಇಲ್ಲ ಅಂತ ಬೇಜಾರಾಗಿದ್ದೆ. ತಿರುಗಿಸಿ, ಮೆತ್ತೆ ಏರುವಾಗ ಅದು ಎಳೆದುಕೊಳ್ಳುವ ಹಾಗೆ, ಕೀಲಿನಿಂದ 20 ಸೆಂಟಿಮೀಟರ್ ದೂರದಲ್ಲಿ ಹಾಕಿದೆ. ಕೊಂಡಿಯಲ್ಲಿ ಉದ್ದ ಸೀಳು ಕೊರೆದಿರುವುದರಿಂದ ಕೊನೆಯ 25 ಸೆಂಟಿಮೀಟರ್‌ನಲ್ಲಿ ಮಾತ್ರ ಹಿಡಿಯುತ್ತದೆ. ಮತ್ತೆ ಒಳಗೆ ಸೇರಿಸಲು ಒಂದು ಸಣ್ಣ ಸ್ಪ್ರಿಂಗು. 60 ಕಿಲೋ ಹಾಕಿ ಮೆತ್ತೆಯನ್ನು ಕೆಳಗಿಂದ ಬಿಟ್ಟೆ. ದಡ್ ಅಂತ ಎದ್ದು, ಮೇಲೆ ಹೋಗುತ್ತಾ ನಿಧಾನವಾಗಿ, ಮೇಲಿನ ತಡೆಯ ರಬ್ಬರಿಗೆ ಮೆತ್ತಗೆ ತಾಗಿ ನಿಂತಿತು. ಗದ್ದಕ್ಕೆ ಹೊಲಿಗೆ ಬಿದ್ದ ಹುಡುಗನೇ ಮೂವತ್ತು ಸಲ ಬಿಟ್ಟು ನೋಡಿ ಒಪ್ಪಿದ. ಅವನು ಒಪ್ಪುವವರೆಗೆ ನಾನು ಜಿಮ್ಮಿಗೆ ಕಳಿಸಲಿಲ್ಲ.

ಎರಡು ಹಿಡಿಗಳ ಮೇಲೆ ಕೈಯೂರಿ ಮೈ ಇಳಿಸಿ ಎತ್ತುವ ಡಿಪ್ಸ್‌ಗೂ ಅದೇ ಮೆತ್ತೆ ಸಾಕಾಯಿತು. ಎರಡು ಹಿಡಿಗಳನ್ನು ಸಮಾನಾಂತರ ಇಡದೆ ಒಂದು ತುದಿ 45, ಇನ್ನೊಂದು 60 ಸೆಂಟಿಮೀಟರ್ ಅಗಲ ಬಿಟ್ಟೆ. ಭುಜ ಸಣ್ಣವರು ಒಳಗೆ ಹಿಡಿಯುತ್ತಾರೆ, ದೊಡ್ಡವರು ಹೊರಗೆ. ಪಕ್ಕದ ಕಂಬಗಳಿಗೆ ತೂತು ಕೊರೆದು ದಂಡ ಹೊಡೆಯಲು ಒಂದು ಅಡ್ಡಕಂಬಿ ಕೊಟ್ಟೆ. ಮನೆಯ ತೂಕದ ಮೆಷಿನ್ ಮೇಲೆ ಕೈಯೂರಿ ನೋಡಿದ್ದೆ. ನಾನು 72 ಕಿಲೋ. ನೆಲದಲ್ಲಿ ದಂಡದ ಭಂಗಿಯಲ್ಲಿ ಕೈ ಮೇಲೆ 46 ಕಿಲೋ ಬೀಳುತ್ತದೆ, ಕೈ 30 ಸೆಂಟಿಮೀಟರ್ ಎತ್ತರದಲ್ಲಿದ್ದರೆ 40, 60ರಲ್ಲಿದ್ದರೆ 30. ಕಂಬಿಯನ್ನು ಒಂದೊಂದೇ ತೂತು ಇಳಿಸುತ್ತಾ ಬಂದರೆ ನೆಲ ಮುಟ್ಟಬಹುದು.

ಜಿಮ್ಮಿಗೆ ಹೋದ ಮೊದಲ ವಾರ ಗೊಂದಲವಾಯಿತು. ಬೇರೆಲ್ಲ ಮೆಷಿನ್ನಿನಲ್ಲಿ ಪ್ಲೇಟು ಜಾಸ್ತಿ ಆದರೆ ಕಷ್ಟ ಜಾಸ್ತಿ, ಇಲ್ಲಿ ತದ್ವಿರುದ್ಧ. ತೋಳಿನ ಮೇಲೆ ಹಳದಿ ಬಣ್ಣದಲ್ಲಿ ದೊಡ್ಡದಾಗಿ ಬರೆಸಿದೆ: 'ಪ್ಲೇಟು ಜಾಸ್ತಿ, ಕೆಲಸ ಸುಲಭ'. ಅದರ ಕೆಳಗೆ ಯಾವ ಪ್ಲೇಟಿಗೆ ಎಷ್ಟು ಸಹಾಯ ಅಂತ ಲೆಕ್ಕ. ಜಿಗಿದು ಜಿಗಿದು ಎಳೆಯುವವರಿಗೂ ಹೇಳಬೇಕಾಯಿತು. ಮೈ ದಿಢೀರ್ ಅಂತ ಮೇಲೆ ಹೋದಾಗ ಪ್ಲೇಟು ಅಷ್ಟೇ ಬೇಗ ಬೀಳಲಾರದು, ಆ ಕ್ಷಣಕ್ಕೆ ಸಹಾಯ ಕಡಿಮೆಯಾಗುತ್ತದೆ. ನಿಧಾನ ಎಳೆದರೇ ಬರೆದಷ್ಟು ಸಿಗುವುದು.

ಎರಡೂವರೆ ಕಿಲೋ ಪ್ಲೇಟಿನ ಬೆಲೆ ಗೊತ್ತಾಗಿದ್ದು ಮೂರನೇ ತಿಂಗಳಲ್ಲಿ. 30 ಕಿಲೋ ಸಹಾಯದಿಂದ 10ಕ್ಕೆ ಇಳಿಯುವುದು ಹುಡುಗರಿಗೆ ಕಷ್ಟವಾಗಲಿಲ್ಲ. 10ರಿಂದ 5, 5ರಿಂದ ಸೊನ್ನೆ, ಅಲ್ಲಿ ಎಲ್ಲರೂ ನಿಂತರು. ಐದೈದು ಕಿಲೋ ಇಳಿಸುವುದು ಬಿಟ್ಟು 1.25ರಂತೆ ಇಳಿಸಲು ಹೇಳಿದೆ. ಪಾವಗಡದ ಒಬ್ಬ ಹುಡುಗ ಐದರಿಂದ ಸೊನ್ನೆಗೆ ಬರಲು ಐದು ವಾರ ತೆಗೆದುಕೊಂಡ. ಈಗ ಖಾಲಿ ಕಂಬಿಯಲ್ಲಿ ಏಳು ಹೊಡೆಯುತ್ತಾನೆ.

ಹೋದ ವಾರ ಬೆಳಗಿನ ಬ್ಯಾಚಿನ ಒಬ್ಬ ಟೀಚರ್ ನನ್ನನ್ನು ಹುಡುಕಿಕೊಂಡು ಶೆಡ್ಡಿಗೇ ಬಂದರು. ಐವತ್ತು ದಾಟಿದವರು. "ಅಣ್ಣಾ, ನಂಗೆ ಮಂಡಿ ಊರೋಕಾಗಲ್ಲ, ನೋವು. ನಿಂತ್ಕೊಂಡು ಮಾಡೋ ಹಾಗೆ ಆಗಲ್ವಾ?" ಅಂದರು. ಮೆತ್ತೆ ಯಾವಾಗಲೂ ಮಟ್ಟವಾಗಿರುವುದರಿಂದ ಅದರ ಕೆಳಗೆ 45 ಸೆಂಟಿಮೀಟರ್ ಇಳಿಸಿ ಒಂದು ನಿಲ್ಲುವ ತಟ್ಟೆ ತೂಗುಹಾಕಬಹುದು. ಮೇಲಿದ್ದಾಗಲೂ ಅದು 80ರಲ್ಲಿ ಇರುತ್ತದೆ, 60ರ ಮೆಟ್ಟಿಲಿನಿಂದ ಒಂದು ಹೆಜ್ಜೆ. ಅವರನ್ನು ನಿಲ್ಲಿಸಿ ಪಾದದಿಂದ ಮಂಡಿಯವರೆಗೆ ಟೇಪ್ ಹಿಡಿದೆ, 44 ಬಂತು. ತಟ್ಟೆಗೆ ಚೆಕ್ಕರ್ ಪ್ಲೇಟು, ಅಂದರೆ ಕಾಲು ಜಾರದ ಹಾಗೆ ಉಬ್ಬುಗೆರೆ ಇರುವ ಶೀಟು, ಕತ್ತರಿಸಿ ಇಟ್ಟಿದ್ದೇನೆ. ಅಂಚು ಉಜ್ಜುವುದು, ನಾಲ್ಕು ತೂತು ಕೊರೆಯುವುದು ಬಾಕಿ.