ಬಿಯರಿನ ನೊರೆ ನಿಲ್ಲಬೇಕಾದರೆ ಗ್ಲಾಸಿನ ತಳವನ್ನು ಗೀರಿ

ಬಿಯರಿನಲ್ಲಿ ಕರಗಿರುವ ಇಂಗಾಲದ ಡೈಆಕ್ಸೈಡ್ ಗುಳ್ಳೆಯಾಗಿ ಹೊರಬರಲು ಗಾಳಿ ಸಿಕ್ಕಿಕೊಳ್ಳುವಂತಹ ಸಣ್ಣ ಒರಟು ಜಾಗ ಬೇಕಾಗುವುದರಿಂದ, ತೀರ ನುಣುಪಾದ ಗ್ಲಾಸಿನಲ್ಲಿ ಒಮ್ಮೆ ಇಳಿದ ನೊರೆ ಮತ್ತೆ ತುಂಬಿಕೊಳ್ಳುವುದಿಲ್ಲ. ವಜ್ರದ ಮೊನೆಯ ಕೊರೆಯುವ ಪೆನ್ನಿನಿಂದ ಒಳತಳದ ನಡುವೆ 1 ರೂಪಾಯಿ ನಾಣ್ಯಕ್ಕಿಂತ ದೊಡ್ಡದಲ್ಲದ ವೃತ್ತವನ್ನು ಹಗುರವಾಗಿ ಗೀರಿದರೆ, ಅಲ್ಲಿಂದ ಗುಳ್ಳೆಗಳ ಸಾಲು ಎಡೆಬಿಡದೆ ಮೇಲೇರಿ ನೊರೆಯನ್ನು ಉಳಿಸುತ್ತದೆ. ಗೀರು ಹೆಚ್ಚಾದರೆ ಬಿಯರ್ ಬೇಗ ಸಪ್ಪೆಯಾಗುತ್ತದೆ. ತಳವನ್ನು ಒದ್ದೆ ಮಾಡಿಕೊಂಡು, ರಕ್ಷಣಾ ಕನ್ನಡಕ ಧರಿಸಿ ಗೀರಿ, ಗಾಜಿನ ಪುಡಿ ಉಳಿಯದಂತೆ ಹಲವು ಬಾರಿ ತೊಳೆಯಿರಿ. ಟಫನ್ಡ್ ಗಾಜನ್ನು (ಕಾಯಿಸಿ ತಟ್ಟನೆ ತಣಿಸಿ ಗಟ್ಟಿಗೊಳಿಸಿದ ಗಾಜು) ಮಾತ್ರ ಗೀರಲು ಹೋಗಬೇಡಿ, ಅದು ಒಮ್ಮೆಲೇ ಸಿಡಿದು ಚೂರಾಗಬಹುದು. ಅಂದಹಾಗೆ, ಚಕ್ಕುಲಿ ತಿಂದ ತುಟಿಯ ಎಣ್ಣೆಯೂ ನೊರೆಯನ್ನು ಕೊಲ್ಲುತ್ತದೆ. ಆದ್ದರಿಂದ ಮೊದಲು ಗ್ಲಾಸಿನ ಜಿಡ್ಡು ತೆಗೆದು ನೋಡಿ, ಎಷ್ಟೋ ಸಲ ಕೊರೆಯುವ ಕೆಲಸವೇ ಬೇಕಾಗುವುದಿಲ್ಲ.