ಸ್ಪರ್ಧೆಗೆ ಮುಂಚಿನ ಉದ್ವೇಗ: ಎಷ್ಟಿದ್ದರೆ ಸರಿ?

‘ಟೆನ್ಷನ್ ಮಾಡ್ಕೋಬೇಡ’ ಎಂಬ ಮಾತನ್ನು ನಾನು ಕ್ರೀಡಾಪಟುಗಳಿಗೆ ಹೇಳುವುದಿಲ್ಲ. ಎದೆ ಹೊಡೆದುಕೊಳ್ಳುವುದು, ಅಂಗೈ ಬೆವರುವುದು ಎಲ್ಲ ದೇಹ ತಾನಾಗಿಯೇ ಮಾಡುವ ಕೆಲಸ; ಬೇಡ ಎಂದರೆ ನಿಲ್ಲುವುದಿಲ್ಲ. ಎಷ್ಟಿರಬೇಕು ಎನ್ನುವುದಷ್ಟೇ ನಮ್ಮ ಕೈಯಲ್ಲಿದೆ.

ಅದಕ್ಕೆ ಮೊದಲು ಬೇಕಾದದ್ದು ದಾಖಲೆ. ಪ್ರತಿ ಸ್ಪರ್ಧೆಗೆ ಒಂದು ಗಂಟೆ ಮುಂಚೆ ಮತ್ತು ಹತ್ತು ನಿಮಿಷ ಮುಂಚೆ ಉದ್ವೇಗಕ್ಕೆ 0ಯಿಂದ 10ರೊಳಗೆ ಅಂಕ ಕೊಡಿಸುತ್ತೇನೆ, ಪಕ್ಕದಲ್ಲೇ ಫಲಿತಾಂಶ. ಎಂಟು–ಹತ್ತು ಸ್ಪರ್ಧೆಗಳಾಗುವಷ್ಟರಲ್ಲಿ ಅವರವರ ವಲಯ, ಅಂದರೆ ಯಾವ ಅಂಕಗಳ ನಡುವೆ ಚೆನ್ನಾಗಿ ಆಡುತ್ತಾರೆ ಎಂಬುದು, ಕಾಣತೊಡಗುತ್ತದೆ. ಈ ವಲಯ ಒಬ್ಬೊಬ್ಬರಿಗೆ ಒಂದೊಂದು ಎಂಬುದು ಮನೋವಿಜ್ಞಾನಿ ಯೂರಿ ಹಾನಿನ್ ಅವರ ವಾದ. ಶೂಟರ್‌ಗೆ 3 ಹಿತವಾದರೆ ವೇಟ್‌ಲಿಫ್ಟರ್‌ಗೆ 8 ಬೇಕಾದೀತು. ಒಂದೇ ತಂಡದ ಇಬ್ಬರಲ್ಲೂ ಅಷ್ಟೇ ಅಂತರ ಇರಬಹುದು. ಇಡೀ ತಂಡವನ್ನು ಕೂರಿಸಿ ಧ್ಯಾನ ಮಾಡಿಸುವುದು ನನಗೆ ಒಪ್ಪಿಗೆಯಿಲ್ಲ. ಹಾಗೆ ಮಾಡಿದರೆ ಕೆಲವರು ಮಂಕಾಗಿಯೇ ಕಣಕ್ಕಿಳಿಯುತ್ತಾರೆ.

ಅಂಕ ಇಳಿಸಬೇಕಾದವರಿಗೆ ಉಸಿರಾಟ: 4 ಸೆಕೆಂಡ್ ಒಳಗೆ, 6 ಸೆಕೆಂಡ್ ಹೊರಗೆ, ಐದು ನಿಮಿಷ. ಇಲ್ಲಿ ಎಡವುವುದು ಎದೆ ತುಂಬ ಜೋರಾಗಿ ಉಸಿರೆಳೆಯುವವರು. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿದು ತಲೆ ಹಗುರಾಗುತ್ತದೆ, ಬೆರಳು ಜುಮ್ಮೆನ್ನುತ್ತದೆ, ಅದನ್ನೂ ಭಯವೆಂದೇ ತಿಳಿದು ಇನ್ನಷ್ಟು ಗಾಬರಿಯಾಗುತ್ತಾರೆ. ಉಸಿರು ಮೆಲ್ಲಗಿರಲಿ, ಹೊಟ್ಟೆಯಿಂದಿರಲಿ. ವಾರಗಟ್ಟಲೆ ಅಭ್ಯಾಸವಿಲ್ಲದೆ ಸ್ಪರ್ಧೆಯ ದಿನ ಮಾತ್ರ ಮಾಡಿದರೆ ದಕ್ಕುವುದಿಲ್ಲ. ಅಂಕ ಏರಿಸಬೇಕಾದವರಿಗೆ ಚಿಕ್ಕ ಸ್ಪ್ರಿಂಟ್, ನಾಲ್ಕಾರು ಜಿಗಿತ ಸಾಕು.

ತಲೆಯೊಳಗಿನ ಮಾತಿಗೆ ‘ಹೀಗಾದರೆ ಹೀಗೆ’ ಎಂಬ ಮೂರ್ನಾಲ್ಕು ಸೂತ್ರ ಬರೆಸುತ್ತೇನೆ. ‘ತಪ್ಪಾಗಬಾರದು’ ಎಂಬುದು ಸೂತ್ರವಲ್ಲ. ‘ಮೊದಲ ಸರ್ವ್ ನೆಟ್‌ಗೆ ಬಡಿದರೆ ಚೆಂಡು ಎರಡು ಸಲ ಪುಟಿಸಿ, ಉಸಿರು ಬಿಟ್ಟು, ಸರ್ವ್’ ಎಂಬುದು ಸೂತ್ರ. ದೇಹಕ್ಕೆ ಮಾಡಲು ಒಂದು ಕೆಲಸ ಇರಲೇಬೇಕು. 2008ರ ಬೀಜಿಂಗ್ ಒಲಿಂಪಿಕ್ಸ್‌ನ 200 ಮೀಟರ್ ಬಟರ್‌ಫ್ಲೈ ಫೈನಲ್‌ನಲ್ಲಿ ಈಜುಗಾರ ಮೈಕಲ್ ಫೆಲ್ಪ್ಸ್ ಅವರ ಕನ್ನಡಕದೊಳಗೆ ನೀರು ತುಂಬಿಕೊಂಡಿತು. ಅವರು ಸ್ಟ್ರೋಕ್ ಎಣಿಸುತ್ತ ಈಜಿ, ವಿಶ್ವದಾಖಲೆಯೊಂದಿಗೆ ಚಿನ್ನ ಗೆದ್ದರು. ಮನಸ್ಸಿನಲ್ಲಿ ಸ್ಪರ್ಧೆಯನ್ನು ಕಲ್ಪಿಸಿಕೊಳ್ಳುವಾಗ ಇಂಥ ಎಡವಟ್ಟುಗಳೂ ಅದರೊಳಗಿರಬೇಕು. ಗೆಲುವಿನ ವೇದಿಕೆಯನ್ನಷ್ಟೇ ಕಾಣುವ ಕಲ್ಪನೆಯಿಂದ ಉಪಯೋಗ ಕಡಿಮೆ.

ಹೆಚ್ಚಿನವರು ಮರೆಯುವುದು ಕಾಲ್ ರೂಮನ್ನು, ಅಂದರೆ ಕಣಕ್ಕಿಳಿಯುವ ಮುಂಚೆ ಸ್ಪರ್ಧಿಗಳನ್ನು ಕರೆದು ಕೂರಿಸುವ ಕೋಣೆಯನ್ನು. ಅಥ್ಲೆಟಿಕ್ಸ್‌ನಲ್ಲಿ ಅಲ್ಲಿಗೆ ಫೋನ್, ಹೆಡ್‌ಫೋನ್ ಬಿಡುವುದಿಲ್ಲ. ಎದುರಾಳಿಗಳ ಜೊತೆಯೇ ಕಾಯಬೇಕು. ಹಾಡು ಕೇಳಿಯೇ ಹದಕ್ಕೆ ಬರುವವರ ಲೆಕ್ಕಾಚಾರವೆಲ್ಲ ತಲೆಕೆಳಗಾಗುವುದು ಅಲ್ಲೇ. ಹಾಗಾಗಿ ಕೊನೆಯ 20 ನಿಮಿಷದ ಕ್ರಮವನ್ನು ಬರಿಗೈಯಲ್ಲಿ, ಕುರ್ಚಿಯಲ್ಲಿ ಕುಳಿತು, ಅಪರಿಚಿತರ ನಡುವೆ ಅಭ್ಯಾಸ ಮಾಡಿಸುತ್ತೇನೆ.